ಕೋಟೆಮನೆಯ ಬಾಗಿಲು

ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸ್ತಿಲು ದಾಟುವುದು ಎಲ್ಲ ಕಡೆಯೂ ಇದ್ದದ್ದೇ. ನಾನು ದಾಟಬೇಕಾಗಿದ್ದದ್ದು ಎಲೆಕ್ಟ್ರಾನಿಕ್ ಸಿಟಿಯ ಒಂದು ಜಪಾನಿ ಕಂಪನಿಯ ಪಾರ್ಕಿಂಗ್ ಜಾಗವನ್ನು.

ಅಲ್ಲಿ ಹಿಂದೆ ನನ್ನ ಗಂಡ ಮನುವಿನ ಪೂರ್ವಿಕರ ಕೋಟೆಮನೆ ಇತ್ತಂತೆ. ಸುತ್ತ ಮಣ್ಣಿನ ಗೋಡೆ, ಕಂದಕ, ಒಂದೇ ಬಾಗಿಲು. ಮನುವಿನ ಅಜ್ಜಿ ಸೊಣ್ಣಮ್ಮ ಸೊಸೆಯಾಗಿ ಬರುವಷ್ಟರಲ್ಲೇ ಅದೆಲ್ಲ ಮಣ್ಣುಪಾಲಾಗಿತ್ತು. ಆದರೂ ಅವರು ಆ ಇಲ್ಲದ ಬಾಗಿಲಲ್ಲೇ ಅಕ್ಕಿಯ ಸೇರು ಒದ್ದು ಒಳಗೆ ಬಂದವರು. ನನ್ನ ಅತ್ತೆ ಭಾಗ್ಯಮ್ಮನೂ ಹಾಗೇ ಬಂದರು. ಆಮೇಲೆ ಮಾವ ನಂಜಪ್ಪ ಜಮೀನು ಮಾರಿದರು. ಜಮೀನು ಮಾರಿದ್ದು ನಿಜ, ಬಾಗಿಲನ್ನು ಯಾರೂ ಮಾರಿಲ್ಲ ಎಂಬುದು ಅಜ್ಜಿಯ ವಾದ. ಅಲ್ಲಿಂದ ಬರದವಳು ಈ ಮನೆಯ ಸೊಸೆಯೇ ಅಲ್ಲ ಎಂದು ಪಟ್ಟು ಹಿಡಿದಿದ್ದರು.

ಮದುವೆ ಮುಗಿಸಿಕೊಂಡು ಎಲ್ಲರೂ ಅಲ್ಲಿಗೆ ಹೋದೆವು. ಗೇಟಿನಲ್ಲಿ ಸೆಕ್ಯೂರಿಟಿಯವನು ಎಲ್ಲರ ಕೊರಳಿಗೂ ವಿಸಿಟರ್ ಟ್ಯಾಗ್ ಹಾಕಲು ಬಂದ. ಮಾವ, ಅತ್ತೆ, ಮನು ತೆಪ್ಪಗೆ ಹಾಕಿಕೊಂಡರು. ನಾನೂ ತಾಳಿಯ ಮೇಲೆ ಹಾಕಿಕೊಂಡೆ. ಆಫೀಸಿನಲ್ಲಿ ದಿನಾ ಹಾಕಿ ರೂಢಿ. ಅಜ್ಜಿ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಮ್ಮ ಮನೆಗೆ ನಾನೇ ನೆಂಟಳಾ ಎಂದು ಅಲ್ಲೇ ಕೂತುಬಿಟ್ಟರು.

ಗಲಾಟೆ ಕೇಳಿ ಕಂಪನಿಯ ಮುಖ್ಯಸ್ಥರು ಬಂದರು. ಮೊರಿತಾ ಎಂದು ಹೆಸರು, ಜಪಾನಿನವರು. ಅವರ ಇಂಗ್ಲಿಷನ್ನು ಅಜ್ಜಿಗೆ, ಅಜ್ಜಿಯ ಕನ್ನಡವನ್ನು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾವು ಬಂದ ಕಾರಣ ಕೇಳಿ, ತಮ್ಮ ಊರಿನಲ್ಲೂ ತಮ್ಮ ಮನೆತನದ ಇಂಥದೇ ಕೋಟೆಮನೆ ಇತ್ತು, ಈಗ ಅಲ್ಲಿ ಬರೀ ಭತ್ತದ ಗದ್ದೆ, ವರ್ಷಕ್ಕೊಮ್ಮೆ ನೋಡಲು ಹೋದರೂ ಗದ್ದೆಯವನ ಅಪ್ಪಣೆ ಕೇಳಿಯೇ ಕಾಲಿಡುವುದು ಎಂದರು. ನಯವಾದ ಮಾತು. ಅಜ್ಜಿಗೆ ಹೇಳಿದೆ.

ಅಜ್ಜಿ ಅವರನ್ನು ಮರುಕದಿಂದ ನೋಡಿದರು.

“ನಿಮ್ಮಜ್ಜನ ಮನ್ಗೆ ಓಗಕ್ಕೆ ಇನ್ನೊಬ್ರುನ್ನ ಯಾಕಪ್ಪಾ ಕೇಳ್ತೀಯ?”

ಅದನ್ನು ಹೇಳಬೇಡ ಎಂದು ಮಾವ ಕಣ್ಸನ್ನೆ ಮಾಡಿದರು. ನನಗೆ ರೇಗಿತು. ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಅಪ್ಪ ರಿಟೈರ್ ಆದ ಮೇಲೆ ಬೀಗದ ಕೈ ಕೊಟ್ಟು ಹೊರಟುಬಂದೆವು. ನನ್ನದು ಅನ್ನುವ ಬಾಗಿಲು ನನಗೆ ಇರಲೇ ಇಲ್ಲ. ಈಗ ಸಿಕ್ಕಿದ್ದನ್ನು ಬಿಡಲೇ? ಅಜ್ಜಿಯ ಮಾತನ್ನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಮೊರಿತಾ ತಲೆ ತಗ್ಗಿಸಿದರು. ಅವರ ಉತ್ತರಕ್ಕೆ ನಾನು ಕಾಯಲಿಲ್ಲ. ಟ್ಯಾಗ್ ತೆಗೆದು ಸೆಕ್ಯೂರಿಟಿಯ ಮೇಜಿನ ಮೇಲೆ ಕುಕ್ಕಿ, ಅಜ್ಜಿಯ ಕೈ ಹಿಡಿದು ಒಳಗೆ ನಡೆದೆ. ಎರಡು ಕಾರುಗಳ ನಡುವೆ ಅಜ್ಜಿ ತೋರಿಸಿದ್ದೇ ಬಾಗಿಲು. ಅತ್ತೆ ಅಕ್ಕಿಯ ಸೇರು ಇಟ್ಟರು. ಬಲಗಾಲಿನಿಂದ ಒದ್ದೆ. ಅಕ್ಕಿ ಚೆಲ್ಲಿತು. ಸೆಕ್ಯೂರಿಟಿಯವನು ಕೂಗುತ್ತ ಓಡಿ ಬರುತ್ತಿದ್ದ.

ಅಜ್ಜಿ ಸೇರನ್ನು ಎತ್ತಿ, ಅಕ್ಕಿ ತುಂಬಿ, ಮತ್ತೆ ನನ್ನ ಮುಂದಿಟ್ಟರು.

“ಮೆತ್ತಗ್ ಒದ್ದೆ ಕಣವ್ವಾ. ಅವ್ರಿಗೆಲ್ಲ ಕೇಳಂಗ್ ಒದಿ.”