ಯಂತ್ರದ ಕಣ್ಣಿಗೆ ಕುಂಕುಮ

ಆಯುಧಪೂಜೆ ಬಂತೆಂದರೆ ನಮ್ಮ ಕಡೆ ಸೈಕಲ್‌ನಿಂದ ಟ್ರ್ಯಾಕ್ಟರ್‌ವರೆಗೆ ಕುಂಕುಮ ಕಾಣದ ಕಬ್ಬಿಣವೇ ಇರುವುದಿಲ್ಲ. ಹೊಳವನಹಳ್ಳಿಯ ಭೀಮರಾಜು ಬಾಗಿಲ ಮೇಲೆ ಹೂಬಳ್ಳಿ ಕೆತ್ತುವ ಕಂಪ್ಯೂಟರ್ ಮೆಷಿನ್ ಇಟ್ಟುಕೊಂಡವನು. ಈ ಸಲ ಅವನ ಅಪ್ಪ ದೊಡ್ಡರಂಗಯ್ಯ ಆ ಮೆಷಿನ್ನಿನ ಮೂಲೆಮೂಲೆಗೂ ಗಂಧ, ಕುಂಕುಮ ಮೆತ್ತಿ, ಎರಡೂ ಬದಿಗೆ ಬಾಳೆಕಂದು ಕಟ್ಟಿದ್ದರು. ನೋಡಲು ಮದುವೆ ಮನೆಯಂತಿತ್ತು.

ಮರುದಿನ ಬೆಳಿಗ್ಗೆ ಭೀಮರಾಜು ಸ್ವಿಚ್ ಹಾಕಿದ. ಹೆಂಡತಿ ಸುನಿತಾ ಮೆಷಿನ್ನಿನ ತುದಿಯಲ್ಲಿ ಬಾಡಿದ ಹೂ ಬಿಡಿಸುತ್ತಿದ್ದಳು. ಸ್ವಿಚ್ ಹಾಕಿದಾಗಲೆಲ್ಲ ಕೆತ್ತುವ ತೋಳು ಆ ತುದಿಗೆ ಸರಿದು, ಅಲ್ಲಿನ ಕಬ್ಬಿಣದ ಕಂಬಕ್ಕೆ ಗೇಣು ದೂರದಲ್ಲಿ ತಾನಾಗಿಯೇ ನಿಲ್ಲುವುದು ವಾಡಿಕೆ. ಅಂದು ನಿಲ್ಲಲೇ ಇಲ್ಲ. ಅವಳ ಕೈಯನ್ನು ಕಂಬಕ್ಕೆ ಅದುಮಿ ಹಿಡಿದು, ಕಟಕಟ ಎನ್ನುತ್ತ ಇನ್ನೂ ತಳ್ಳುತ್ತಿತ್ತು. ಬಳೆಗಳು ಪುಡಿಯಾದವು. ಭೀಮರಾಜು ಮೆಷಿನ್ ನಿಲ್ಲಿಸುವ ಕೆಂಪು ಗುಂಡಿಗೆ ಕೈ ಚಾಚಿದರೆ ಸಿಕ್ಕಿದ್ದು ಬಾಳೆ ಎಲೆ. ಗುಂಡಿ ಅದರ ಹಿಂದೆ ಎಲ್ಲೋ ಇತ್ತು. ಗೋಡೆಯ ಮೇನ್ ಸ್ವಿಚ್ಚಿಗೆ ಓಡಿದ. ಅದನ್ನು ಆರಿಸಿದ ಮೇಲೆಯೇ ತೋಳು ನಿಂತಿತು.

ಮೂಳೆ ಮುರಿದಿಲ್ಲ ಎಂದರು ಡಾಕ್ಟರು. ಮುಂಗೈಗೆ ಹೊಲಿಗೆ ಬಿತ್ತು.

ದೊಡ್ಡರಂಗಯ್ಯನವರದು ಬೇರೆಯೇ ಲೆಕ್ಕ. “ಬಳೆ ಒಡದೈತೆ ಅಂದ್ರೆ ಪೂಜೇಲೇ ಏನೋ ಕಮ್ಮಿ ಆಗೈತೆ ಕಣ್ಲಾ. ಇನ್ನೊಂದ್ಸಲ ಮಾಡ್ಬುಡಾನ.”

ಮಧುಗಿರಿಯಿಂದ ಬಂದ ಮೆಕ್ಯಾನಿಕ್ ಪ್ರಸನ್ನ ಕುಮಾರ್ ವಾದಕ್ಕೆ ಹೋಗಲಿಲ್ಲ. ಬದನೆಕಾಯಿ ತರಿಸಿ, ಸುನಿತಾಳ ಕೈ ಇದ್ದ ಜಾಗದಲ್ಲಿ ಒಂದನ್ನು ಕಟ್ಟಿ, ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ ಹಾಕಿದ. ತೋಳು ಬಂತು, ಬದನೆಕಾಯಿ ಅಪ್ಪಚ್ಚಿಯಾಯಿತು. ಕರೆಂಟ್ ತೆಗೆದು, ತುದಿಯಲ್ಲಿದ್ದ ಕಡಲೆಕಾಳಿನಷ್ಟು ಗಾಜಿನ ಕಣ್ಣಿನ ಮೇಲಿನ ಕುಂಕುಮ ಒರೆಸಿ, ತೋಳನ್ನು ಹಿಂದಕ್ಕೆ ಸರಿಸಿ, ಇನ್ನೊಂದು ಬದನೆಕಾಯಿ ಕಟ್ಟಿ ಮತ್ತೆ ಸ್ವಿಚ್ ಹಾಕಿದ. ಈಗ ತೋಳು ಗೇಣು ದೂರದಲ್ಲೇ ನಿಂತಿತು.

“ಈ ಮೋಟಾರಿಗೆ ಹೆಜ್ಜೆ ಎಣ್ಸೋದಷ್ಟೇ ಗೊತ್ತು ಯಜಮಾನ್ರೇ, ತಾನೆಲ್ಲಿದೀನಿ ಅಂತ ಗೊತ್ತಿಲ್ಲ. ಈ ಕಣ್ಣು ನೋಡಿ ಹೇಳಿದ್ರೆ ನಿಲ್ತೈತೆ. ಇಲ್ದಿದ್ರೆ ತಳ್ತಾನೇ ಇರ್ತೈತೆ, ಮುಂದೆ ಮರ ಇರ್ಲಿ, ಮನುಷ್ಯರ ಕೈ ಇರ್ಲಿ.”

ದೊಡ್ಡರಂಗಯ್ಯ ಜಜ್ಜಿದ ಬದನೆಕಾಯಿ ನೋಡಿದರು, ಸೊಸೆಯ ಪಟ್ಟಿ ಕಟ್ಟಿದ ಕೈ ನೋಡಿದರು. ತಮ್ಮ ಬೆರಳನ್ನು ಮುಂದೆ ಚಾಚಿದರು. “ನಾನೇ ಇಟ್ಟಿದ್ದು ಕಣವ್ವ, ಇದೇ ಬೆಳ್ಳಲ್ಲಿ,” ಎಂದರು.

ಕಣ್ಣು ಕೈಕೊಟ್ಟರೂ, ತೋಳು ಕಂಬದವರೆಗೆ ಹೋಗುವ ಮೊದಲೇ ಮೋಟಾರಿನ ಕರೆಂಟ್ ಕಡಿಯುವ ಇನ್ನೊಂದು ಸ್ವಿಚ್ ಬರುತ್ತದೆ. ಅದನ್ನು ಹಾಕಿಸಿಕೊಳ್ಳಿ ಎಂದು ಪ್ರಸನ್ನ ಕುಮಾರ್ ಮೊದಲೇ ಹೇಳಿದಾಗ, ಅದೆಲ್ಲ ಫ್ಯಾಕ್ಟರಿಯವರಿಗೆ ಎಂದು ಭೀಮರಾಜು ನಕ್ಕಿದ್ದ. ಈಗ ಎದುರಿಗೆ ನಿಂತು ಹಾಕಿಸಿದ.

ನಿಮ್ಮಲ್ಲೂ ತಾನಾಗಿ ಓಡಾಡುವ ಮೆಷಿನ್ ಇದೆಯೇ? ಪೂಜೆ ಧಾರಾಳವಾಗಿ ಮಾಡಿ, ಕುಂಕುಮವನ್ನು ಅದರ ಕಾಲಿಗಿಡಿ. ಕರೆಂಟ್ ತೆಗೆದು ಆ ಪುಟ್ಟ ಕಣ್ಣನ್ನು ಒಣಬಟ್ಟೆಯಲ್ಲಿ ಒರೆಸುತ್ತಿರಿ. ಕೆಂಪು ಗುಂಡಿಯನ್ನು ಹೂವಿನಿಂದಲೂ ಮುಚ್ಚಬೇಡಿ, ಆಗಾಗ ಒತ್ತಿ ನೋಡಿ. ಎಲ್ಲರೂ ದೂರ ನಿಂತ ಮೇಲಷ್ಟೇ ಸ್ವಿಚ್ ಹಾಕಿ. ಸುನಿತಾಳಿಗೆ ಹೋದದ್ದು ಬಳೆ. ನಿಮ್ಮ ಮನೆಯಲ್ಲಿ ಕೈಯೇ ಹೋದೀತು.