ಏಳನೆಯ ಮೆಟ್ಟಿಲು

ಬಿಳಿ, ಎಷ್ಟೊಂದು ಬಿಳಿ, ಉಕ್ಕುವ ಮೊದಲು ಹಾಲು ಪಾತ್ರೆಯ ಅಂಚಿನವರೆಗೆ ಬಂದು ಒಂದು ಗಳಿಗೆ ನಿಲ್ಲುತ್ತದಲ್ಲ ಹಾಗೆ, ಅಂದುಕೊಂಡಳು, ಕಣ್ಣಿಗೆ ಇನ್ನೂ ನಿದ್ದೆ ಅಂಟಿಕೊಂಡೇ ಇತ್ತು, ಹಿಂದಿನ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದಳು, ಕಿಟಕಿಯ ಬಿಸಿಲು ನೆಲಕ್ಕೆ ಹಾಸಿದ ಹಳೇ ಪತ್ರಿಕೆಗಳ ಮೇಲೆ ಹರಿದು, ಅಲ್ಲಿ ಸಾಲಾಗಿಟ್ಟ ಮೂರು ಡ್ರಾಯರುಗಳೊಳಗೆ ಇಳಿದು, ಬೆಕ್ಕಿನ ಹಾಗೆ ಅಲ್ಲೇ ಮಲಗಿಬಿಟ್ಟಿತ್ತು, ಬಣ್ಣದ ವಾಸನೆ, ಹಸಿ ಗೋಡೆಯ ವಾಸನೆ, ಯಾವುದೋ ಶಾಲೆಯ ಮೊದಲ ದಿನದ ವಾಸನೆ, ಎಷ್ಟು ಗಂಟೆ ಈಗ, ಹತ್ತೋ ಹನ್ನೊಂದೋ, ಇಷ್ಟು ಹೊತ್ತು ಮಲಗಿದ್ದು ಯಾವ ಕಾಲದಲ್ಲಿ, ಗುಬ್ಬಿಯ ಹಣೆ ಮುಟ್ಟಿ ನೋಡಿಯೇ ಬಂದಳಲ್ಲವೇ, ಹೌದು, ಬೆವರಿ ತಣ್ಣಗಾಗಿತ್ತು, ಮೂರು ದಿನ ಕಾಡಿದ ಜ್ವರ ಇಳಿದಿತ್ತು, ಮಗಳ ಜ್ವರ ಇಳಿದ ಮನೆ ಎಷ್ಟು ಹಗುರ, ಗೋಡೆಗಳೂ ಉಸಿರು ಬಿಟ್ಟ ಹಾಗೆ, ಮತ್ತೆ ಈ ಬಿಳಿ — ಆದರೆ ಡ್ರಾಯರಿನ ಒಳಗೆ ಯಾಕೆ ಬಿಳಿ, ತಾನು ಬಳಿದದ್ದು ಹೊರಮೈಗೆ ಮಾತ್ರ, ಒಳಗೆ ಇನ್ನೂ ಬರಿಮರ ಇರಬೇಕಿತ್ತಲ್ಲ, ಬರಿಮರದ ಮೇಲೆ — ಎದ್ಯಾ, ಅಂತ ಬಚ್ಚಲಿನಿಂದ ಗಂಡನ ದನಿ, ಬ್ರಷ್ ತೊಳೆಯುವ ನೀರಿನ ಸದ್ದಿನ ಜೊತೆ, ನೋಡಿದ್ಯಾ, ಒಳಗೂ ಮುಗಿಸ್ಬಿಟ್ಟೆ, ನಿನ್ನೆ ಸಂಜೆನೇ ಪ್ರೈಮರ್ ಹೊಡೆದಿದ್ದೆ, ಬೆಳಿಗ್ಗೆ ಎದ್ದು ಬಣ್ಣ, ಒಂದಿಂಚೂ ಬಿಟ್ಟಿಲ್ಲ, ಇವತ್ತು ನೀನು ಈ ಕಡೆ ತಲೆ ಹಾಕ್ಬೇಡ, ಆರಾಮಾಗಿ ಕೂತ್ಕೊಂಡು ನಿನ್ನ ಕಾದಂಬರಿ ಬರ್ಕೋ.

ಕಾದಂಬರಿ ಬರ್ಕೋ. ಅಯ್ಯೋ ದೇವರೇ, ಕಾದಂಬರಿ ಅಲ್ಲೇ ಇತ್ತಲ್ಲ, ಅದರ ಕೊನೆಯ ಅಧ್ಯಾಯ ಆ ಮೂರು ಡ್ರಾಯರುಗಳ ತಳದಲ್ಲಿ, ಪೆನ್ಸಿಲಿನಲ್ಲಿ — ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೇ ಯಾರಿಗೂ ಹೇಳಿರಲಿಲ್ಲ, ಹೊಸತು ಮಾಡಿ ಮಾರಲೆಂದು ತಂದ ಹಳೇ ಮರದ ಸಾಮಾನನ್ನು ಉಪ್ಪುಕಾಗದ ಹಿಡಿದು ಉಜ್ಜುತ್ತ ಕೂತಾಗಲೇ ಅವಳಿಗೆ ಮಾತುಗಳು ಬರುತ್ತವೆ, ಮೇಜು ಕುರ್ಚಿ ಹಾಕಿಕೊಂಡು ಕರೆದರೆ ಒಂದೂ ಬರುವುದಿಲ್ಲ, ಮೊಣಕೈತನಕ ಮರದ ಪುಡಿ, ನೋಟ್‌ಬುಕ್ಕು ಮುಂದಿನ ಕೋಣೆಯ ಕಪಾಟಿನಲ್ಲಿ, ಕೈ ತೊಳೆದು ಅಲ್ಲಿಗೆ ಹೋಗುವಷ್ಟರಲ್ಲಿ ಅತ್ತೆ, ಒಣಗಿದ ಬಟ್ಟೆ ತಂದ್ಯೇನಮ್ಮಾ, ಗುಬ್ಬಿ, ಅಮ್ಮಾ ನನ್ನ ಇನ್ನೊಂದು ಸಾಕ್ಸ್ ಎಲ್ಲಿ, ಗಂಡ, ಗ್ಯಾಸಿನವನು ಬಂದಿದಾನೆ ನೋಡು, ಮೂರು ಜನರನ್ನು ದಾಟಿ ಕಪಾಟಿನ ಬಾಗಿಲು ತೆಗೆಯುವ ಹೊತ್ತಿಗೆ ವಾಕ್ಯ ಮಂಗಮಾಯ, ಹಾಗಾಗಿ ಒಂದು ದಿನ ಕಿವಿಗೆ ಸಿಕ್ಕಿಸಿದ್ದ ಬಡಗಿ ಪೆನ್ಸಿಲನ್ನೇ ತೆಗೆದು ಎದುರಿಗಿದ್ದ ಸ್ಟೂಲಿನ ಅಡಿಯಲ್ಲಿ ಬರೆದುಬಿಟ್ಟಳು, ಬರಿಮರ ಪೆನ್ಸಿಲನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಅದೇ ರೂಢಿಯಾಯಿತು, ವಾರವಿಡೀ ಮರದ ಮೇಲೆ ಬರೆಯುವುದು, ಶನಿವಾರ ಮಧ್ಯಾಹ್ನ ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚಿದಾಗ ನೋಟ್‌ಬುಕ್ಕಿಗೆ ಇಳಿಸುವುದು, ಇಳಿಸಿದ ಮೇಲೆ ಪ್ರೈಮರ್, ಮೂರನೇ ಅಧ್ಯಾಯ ಯಾರದೋ ಮನೆಯ ಚಪ್ಪಲಿ ಗೂಡಿನ ಬೆನ್ನಲ್ಲಿದೆ, ಐದನೆಯದರ ಮೇಲೆ ದರ್ಜಿಯ ಮಗು ಮಲಗುತ್ತದೆ, ಎಂಟನೆಯದನ್ನು ಬೆನ್ನಿಗೆ ಆನಿಸಿಕೊಂಡು ಒಬ್ಬ ಬ್ಯಾಂಕಿನವನು ಟಿವಿ ನೋಡುತ್ತಾನೆ, ಯಾರಿಗೂ ಏನೂ ಚುಚ್ಚುತ್ತಿಲ್ಲ ಪಾಪ. ಈ ಶನಿವಾರ ಮಾತ್ರ ಇಳಿಸಲಾಗಲಿಲ್ಲ, ಗುರುವಾರವೇ ಗುಬ್ಬಿ ಶಾಲೆಯಿಂದ ಕೆಂಡದಂಥ ಮೈ ಹೊತ್ತು ಬಂದಳು, ಒದ್ದೆ ಬಟ್ಟೆ, ಔಷಧಿ, ಮತ್ತೆ ಒದ್ದೆ ಬಟ್ಟೆ, ಮರ ಎಲ್ಲಿಗೆ ಓಡಿಹೋಗುತ್ತದೆ, ಭಾನುವಾರ ಇಳಿಸಿದರಾಯಿತು ಅಂದುಕೊಂಡಿದ್ದಳು.

ಮರ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇದೆ, ಮುಖಕ್ಕೆ ಹೊದಿಕೆ ಎಳೆದುಕೊಂಡು ಮಲಗಿದೆ. ಗುಜರಿ ಅಂಗಡಿಯಲ್ಲಿ ಕೆಟ್ಟ ವಾಷಿಂಗ್ ಮಷೀನುಗಳ ಹಿಂದೆ ಸಿಕ್ಕಿದ ಡ್ರಾಯರ್ ಬೀರು ಅದು, ಒಂದು ಕಾಲು ಗಿಡ್ಡ, ತಲೆಯ ಮೇಲೆ ಬಿಸಿ ಪಾತ್ರೆಯ ಸುಟ್ಟ ಉಂಗುರ, ಅಕ್ಕಾ ಇದು ಒಲೆಗೆ ಹಾಕೋಕೂ ಲಾಯಕ್ಕಿಲ್ಲ, ನಿಮಗ್ಯಾಕೆ, ಅಂದಿದ್ದ ಗುಜರಿಯವನು, ಪ್ರತಿ ಸಲ ಅದನ್ನೇ ಅನ್ನುತ್ತಾನೆ, ಪ್ರತಿ ಸಲ ಅವಳು ಕೊಳ್ಳುತ್ತಾಳೆ, ಹಸಿರು ಕೆರೆದರೆ ಅಡಿಯಲ್ಲಿ ಕಂದು, ಕಂದಿನಡಿ ತಿಳಿನೀಲಿ, ಒಂದೊಂದು ಬಣ್ಣವೂ ಒಂದೊಂದು ಸಂಸಾರ, ನೀಲಿಯವರಿಗೆ ಗಂಡುಮಗು ಇದ್ದಿರಬೇಕು, ಅಂಚಿನಲ್ಲಿ ಹಲ್ಲಿನ ಗುರುತಿತ್ತು, ಎಲ್ಲ ಬಿಚ್ಚಿದ ಮೇಲೆ ಕೊನೆಗೆ ಕೆಂಪು ಮರ, ನಾಚಿಕೊಂಡ ಹಾಗೆ. ಆ ಕೆಂಪು ಮರದ ಮೇಲೆಯೇ, ಬುಧವಾರ, ಆ ಹೆಂಗಸು ಕೊನೆಗೂ ಕಾಲಿಟ್ಟಿದ್ದಳು, ಕಾದಂಬರಿಯ ಹೆಂಗಸು, ಹನ್ನೆರಡು ವರ್ಷದ ಹಿಂದೆ ಮುನಿಸಿಕೊಂಡು ಮನೆ ಬಿಟ್ಟವಳು ಈಗ ಮರಳಿ ಬಂದು ಅದೇ ಮನೆಯ ಮೆಟ್ಟಿಲು ಹತ್ತುತ್ತಿದ್ದಾಳೆ, ಮೇಲೆ ಬಾಗಿಲು ಅರ್ಧ ತೆರೆದಿದೆ, ಒಳಗೆ ಯಾರೋ ಕೆಮ್ಮುತ್ತಾರೆ, ಆರನೆಯ ಮೆಟ್ಟಿಲಲ್ಲಿ ಒಂದು ಕಾಲು, ಏಳನೆಯದರ ಮೇಲೆ ಇನ್ನೊಂದು ಕಾಲು ಗಾಳಿಯಲ್ಲಿ, ಅಷ್ಟೇ, ಅಲ್ಲಿಗೆ ನಿಂತುಬಿಟ್ಟಿದ್ದಳು, ಒಂದಲ್ಲ ಎರಡಲ್ಲ, ಆ ಬುಧವಾರದವರೆಗೆ ಮೂರು ವರ್ಷ, ಮುಂದೆ ಇಡಿಸಿದರೆ ಸುಳ್ಳು ಅನ್ನಿಸುತ್ತದೆ, ಹಿಂದೆ ತಿರುಗಿಸಿದರೂ ಸುಳ್ಳು, ಇನ್ನೂ ಅಲ್ಲೇ ನಿಂತಿದಾಳೇನೇ ಆ ಹೆಂಗಸು, ಅಂತ ಅತ್ತೆ ಬಟ್ಟೆ ಮಡಚುತ್ತ ಕೇಳುವುದು, ಪಾಪ, ಕಾಲು ನೋಯಲ್ವಾ, ಒಂದು ಸ್ಟೂಲಾದ್ರೂ ಕೊಡೇ ಕೂತ್ಕೊಳ್ಳಲಿ, ಮನೆ ತುಂಬ ಅದೇ ಇದೆಯಲ್ಲ.

ಬುಧವಾರ ಏನು ಬರೆದೆ, ನೆನಪಿಸಿಕೋ, ಮೊದಲ ಡ್ರಾಯರು, ಅವಳು ಉಸಿರು ಹಿಡಿದಳು, ಅಲ್ಲ, ಉಸಿರು ಬಿಟ್ಟಳು, ಕೆಳಗೆ ಬೀದಿಯಲ್ಲಿ ಸೈಕಲ್ ಗಂಟೆ — ಗಂಟೆ ಬರೆದಿದ್ದೆನೋ ಅಥವಾ ಬರೆಯುವಾಗ ಬೀದಿಯಲ್ಲಿ ಬಾರಿಸಿತೋ, ಎರಡನೆಯದರಲ್ಲಿ ಮೆಟ್ಟಿಲ ಪಕ್ಕದ ಕಂಬಿಯ ಬಗ್ಗೆ ಏನೋ ಇತ್ತು, ಸವೆದ ಕಂಬಿ, ಎಷ್ಟೋ ಕೈಗಳು, ಮೂರನೆಯದರಲ್ಲಿ ಕಾಲು ಇಳಿಯಿತು, ಹೇಗೆ ಇಳಿಯಿತು, ಯಾವ ಮಾತು ಅದನ್ನು ಇಳಿಸಿತು, ಬರೆದು ಮುಗಿಸಿ ಪುಡಿಯ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಿದ್ದು ನೆನಪಿದೆ, ಸಾರು ಸೀದ ವಾಸನೆ ನೆನಪಿದೆ, ಓಡಿಹೋಗಿ ಒಲೆ ಆರಿಸಿದ್ದು ನೆನಪಿದೆ, ಆ ಮಾತು ಮಾತ್ರ ಇಲ್ಲ, ಮೀನಿನ ಹಾಗೆ ಬೆರಳಿಗೆ ತಾಗಿ ಜಾರುತ್ತದೆ, ಎರಡು ಸಾಲಿನ ಮಾತು ಕಣೇ, ಎರಡೇ ಸಾಲು. ಕೂತಳು, ಪತ್ರಿಕೆ ಚರಪರ ಅಂದಿತು, ಮೂರನೇ ಡ್ರಾಯರಿನ ಮೂಲೆಗೆ ಉಗುರು ಹಾಕಿ ಗೀರಿದಳು, ಬಣ್ಣ ರಬ್ಬರಿನ ಹಾಗೆ ಎದ್ದುಬಂತು, ಅದರ ಅಡಿ ಪ್ರೈಮರ್, ಅದನ್ನೂ ಗೀರಿದರೆ ಕೆಂಪು ಮರ, ಬೂದಿ ಬಣ್ಣದ ಒಂದು ಮಸುಕು, ಅಕ್ಷರವಲ್ಲ, ಅಕ್ಷರದ ಮಸಿ ಅಷ್ಟೇ, ಅವಳಿಗೆ ಗೊತ್ತಿರದ ವಿಷಯವೇ, ಬಣ್ಣ ಕೀಳುವ ದ್ರಾವಣ ಸುರಿದರೆ ಪೆನ್ಸಿಲೂ ತೊಳೆದುಹೋಗುತ್ತದೆ, ಉಜ್ಜಿದರೆ ಪುಡಿಯಾಗುತ್ತದೆ, ಹತ್ತು ವರ್ಷದಿಂದ ಬೇರೆಯವರ ಗುರುತು ಅಳಿಸುವುದೇ ಅವಳ ಕೆಲಸ, ಅಷ್ಟು ಚೆನ್ನಾಗಿ ಕಲಿತ ಕೆಲಸವನ್ನು ಗಂಡನಿಗೂ ಅವಳೇ ಕಲಿಸಿದ್ದು, ಮರದ ಗೆರೆಯ ಜೊತೆಗೇ ಬ್ರಷ್ ಎಳೀರಿ, ಮೂಲೆ ಬಿಡಬೇಡಿ, ಅವನು ಬಿಟ್ಟಿಲ್ಲ, ಕನ್ನಡಕದಂಗಡಿಯಲ್ಲಿ ದಿನವಿಡೀ ಗಾಜು ಒರೆಸುವ ಕೈ, ಊರಿನ ಕಣ್ಣೆಲ್ಲ ಸರಿಮಾಡುವವನು, ಬಣ್ಣ ಸಿಡಿಯುತ್ತದೆಂದು ತನ್ನ ಕನ್ನಡಕ ಮಾತ್ರ ಕಳಚಿ ಕಿಟಕಿಯಲ್ಲಿಟ್ಟು ಬಳಿಯುತ್ತಾನೆ, ಅದೋ ಅಲ್ಲೇ ಇದೆ, ಕಿಟಕಿಯಲ್ಲಿ, ಬಿಸಿಲಿನಲ್ಲಿ ಎರಡು ಪುಟ್ಟ ಕೊಳ. ಸಿಟ್ಟು ಬರಬೇಕಿತ್ತು, ಬಂತು ಕೂಡ, ಎದೆಯವರೆಗೆ ಬಂತು, ಕೂಗಿಬಿಡಬೇಕು ಅನ್ನಿಸಿತು, ಕೇಳದೆ ಯಾಕ್ರೀ ಮುಟ್ಟಿದ್ರಿ ಅಂತ, ಆದರೆ ಭಾನುವಾರದ ಬೆಳಗಿನ ನಿದ್ದೆ ಬಿಟ್ಟು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು, ಮೊಣಕಾಲೂರಿ ಕೂತು, ಅವಳಿಗೆ ಬರೆಯಲು ಒಂದು ಇಡೀ ದಿನ ಉಳಿಸಿಕೊಡಲು ಬಳಿದವನನ್ನು ಯಾವ ಬಾಯಲ್ಲಿ ಬೈಯುವುದು, ಹೇಳಿದರೆ ಅವನು ಈ ಜನ್ಮದಲ್ಲಿ ಮತ್ತೆ ಬ್ರಷ್ ಮುಟ್ಟುವುದಿಲ್ಲ, ಹೇಳದಿದ್ದರೆ ನಾಲ್ಕು ಗಂಟೆಗೆ, ಬೀರು ಕೊಂಡಿರುವ ಹಲ್ಲಿನ ಡಾಕ್ಟರಮ್ಮ ಬಂದು ಅದನ್ನು ಹೊತ್ತುಕೊಂಡು ಹೋಗುತ್ತಾರೆ, ಮೂರು ವರ್ಷ ನಿಂತು ಕೊನೆಗೂ ಕಾಲಿಳಿಸಿದ ಹೆಂಗಸು ಯಾರದೋ ಒಳಬಟ್ಟೆಗಳ ಕೆಳಗೆ ಹೂತುಹೋಗುತ್ತಾಳೆ, ಮತ್ತೆ ಅವಳು ಬರುವುದಿಲ್ಲ.

ಅಮ್ಮಾ, ಅಂತು ಬೀರು. ಬೀರು ಅಲ್ಲ, ಗುಬ್ಬಿ, ಡ್ರಾಯರುಗಳಿಲ್ಲದ ಖಾಲಿ ಬೀರುವಿನ ಹಿಂದಿನಿಂದ, ಹೊದಿಕೆ ಸುತ್ತಿಕೊಂಡು, ಯಾವಾಗ ಬಂದು ಕೂತಳೋ, ಉಜ್ಜಿದ ಮರದ ಹಾಗೆ ತೆಳ್ಳಗಾಗಿದ್ದಾಳೆ ಮೂರೇ ದಿನಕ್ಕೆ, ಅಮ್ಮಾ, ಅಪ್ಪ ನಿನ್ನ ಕಥೆ ಮೇಲೆ ಬಣ್ಣ ಬಳಿದುಬಿಟ್ರು ಅಲ್ವಾ, ನಿಂಗೆ ಹೇಗೆ ಗೊತ್ತೇ, ನಾನು ಓದಿದ್ದೆ, ಬುಧವಾರ ನೀನು ಅಡುಗೆಮನೆಗೆ ಓಡಿದ್ಯಲ್ಲ ಆವಾಗ, ಮೊಣಕಾಲಲ್ಲೇ ಮಗಳತ್ತ ಸರಿದಳು, ಓದಿದ್ದೆಯಾ ಬಂಗಾರಾ, ಏನು ಬರೆದಿತ್ತು, ಹೇಳು, ನಿಧಾನವಾಗಿ ಹೇಳು, ಕೊನೇದು ಏನಿತ್ತು, ಗುಬ್ಬಿ ಕಣ್ಣು ಮುಚ್ಚಿ, ಶಾಲೆಯಲ್ಲಿ ಮಗ್ಗಿ ಕೇಳಿದಾಗಿನ ಮುಖ ಮಾಡಿ, ಒಬ್ಳು ಕಾಲೆತ್ತಿಕೊಂಡು ನಿಂತಿದ್ಲು, ಹಾಂ, ಆಮೇಲೆ, ಆಮೇಲೂ ನಿಂತಿದ್ಲು, ಆಮೇಲೆ, ಆಮೇಲೆ ನಂಗೆ ಬೇಜಾರಾಗಿ ಓದಲಿಲ್ಲ. ನಗು ಬಂತು, ಅಳುವೂ ಬಂತು, ಒಂದೇ ಬಾಗಿಲಿಂದ ಎರಡೂ ನುಗ್ಗಿ ಸಿಕ್ಕಿಕೊಂಡವು. ಪಾಪ ಅವಳೇನು ಮಾಡ್ತಾಳಮ್ಮ, ಅಂದಳು ಗುಬ್ಬಿ, ಮೆಟ್ಟಿಲು ಹಸಿ ಇತ್ತಲ್ಲ. ಹಸಿ? ಹೂಂ, ಹೊಸ ಬಣ್ಣ ಬಳಿದಿರ್ತಾರೆ, ಅದಕ್ಕೇ ಕಾಲು ಇಡೋ ಹಾಗಿಲ್ಲ, ಇಟ್ರೆ ಅಚ್ಚು ಬೀಳತ್ತೆ, ಆಮೇಲೆ ಬೈತಾರೆ.

ಹಸಿ ಬಣ್ಣ. ಅವಳು ಅದನ್ನು ಬರೆದಿರಲಿಲ್ಲ, ಅದಂತೂ ಖಂಡಿತ, ಮೂರು ವರ್ಷ ಏನೇನು ಕಾರಣ ಹುಡುಕಿದ್ದಳು ಆ ಕಾಲಿಗೆ, ಹಟ ಅಂದಳು, ಅವಮಾನ ಅಂದಳು, ಭಯ ಅಂದಳು, ಸತ್ತ ತಾಯಿಯ ಶಾಪ ಅಂತಲೂ ಒಂದು ತಿಂಗಳು ಪೇಚಾಡಿದಳು, ಎಂಟು ವರ್ಷದ ಹುಡುಗಿಗೆ ಕಾಲೆತ್ತಿ ನಿಲ್ಲಲು ಇರುವ ಕಾರಣ ಒಂದೇ, ಹುಟ್ಟಿದಾಗಿನಿಂದ ಹಸಿ ಕುರ್ಚಿ ಹಸಿ ಮೇಜು ದಾಟಿಯೇ ನಡೆಯಲು ಕಲಿತವಳು, ಈ ಮನೆಯಲ್ಲಿ ಎಲ್ಲರೂ ಹಾಗೇ ಅಲ್ಲವೇ, ಅತ್ತೆ ಸೆರಗು ಎತ್ತಿಕೊಂಡು ಓಡಾಡುತ್ತಾರೆ, ಗಂಡ ಅಡ್ಡಡ್ಡ ನಡೆಯುತ್ತಾನೆ, ಹಾಗಾದರೆ ಆ ಮೆಟ್ಟಿಲಿಗೆ ಬಣ್ಣ ಬಳಿದವರು ಯಾರು, ಮೇಲೆ ಕೆಮ್ಮುತ್ತಿರುವವನೇ, ಅವಳು ಬರುತ್ತಾಳೆಂದು ಗೊತ್ತಾಗಿ, ಮೊಣಕಾಲೂರಿ, ಕೆಳಗಿಂದ ಮೇಲಕ್ಕೆ, ಒಂದಿಂಚೂ ಬಿಡದೆ, ಆರು ಒಣಗಿದವು, ಏಳನೆಯದು ಇನ್ನೂ ಒಣಗಿಲ್ಲ, ಬೇಗ ಬಂದುಬಿಟ್ಟಳು, ಅಷ್ಟೇ, ಅವಳು ಬೇಗ ಬಂದದ್ದೇ ತಪ್ಪು, ಇಟ್ಟರೆ ಅಚ್ಚು ಬೀಳುತ್ತದೆ, ಅವನು ಬಳಿದದ್ದು ಕೆಡುತ್ತದೆ, ಇಡದಿದ್ದರೆ — ಪೆನ್ಸಿಲ್, ಪೆನ್ಸಿಲ್ ಎಲ್ಲಿ, ಬುಧವಾರ ಬಿಟ್ಟಲ್ಲೇ ಇತ್ತು, ಉಪ್ಪುಕಾಗದದ ಕೆಳಗೆ, ಬರೆಯಲು ಬರಿಮರವಿಲ್ಲ, ಎಲ್ಲ ಬಿಳಿ, ನೆಲದ ಪತ್ರಿಕೆಯ ಅಂಚಿಗೆ ಬಗ್ಗಿದಳು, ಏಳನೆಯ ಮೆಟ್ಟಿಲು ಹಸಿಯಾಗಿತ್ತು, ಅಂತ ಬರೆದಳು, ಬರೆದದ್ದನ್ನು ನೋಡಿದಳು.

ಹೇಗಿದೆ, ಅಂತ ಗಂಡ ಬಂದ, ಕೈಯಲ್ಲಿ ತೊಳೆದ ಬ್ರಷ್, ನೀರು ತೊಟ್ಟಿಕ್ಕುತ್ತಿತ್ತು, ಮುಖದಲ್ಲಿ ಬಹುಮಾನಕ್ಕೆ ಕಾದ ಹುಡುಗನ ಕಳೆ, ಹೊಸಿಲಲ್ಲಿ ಬಣ್ಣದ ಡಬ್ಬಿಯ ಮುಚ್ಚಳ ಅಂಗಾತ ಬಿದ್ದಿದ್ದು ಅವನಿಗೆ ಕಾಣಲಿಲ್ಲ, ಕನ್ನಡಕ ಕಿಟಕಿಯಲ್ಲಿತ್ತಲ್ಲ, ಪಚಕ್ ಅಂತ ಅದರ ಮೇಲೇ ಕಾಲಿಟ್ಟ, ತಕ್ಷಣ ಎತ್ತಿದ, ಏಯ್, ಒಳಗೆ ಇಡಬೇಡ, ಪೇಪರ್ ಅಂಟ್ಕೊಳ್ಳತ್ತೆ, ಅಂತ ಗುಬ್ಬಿ ಅಪ್ಪನನ್ನೇ ಗದರಿದಳು, ಈ ಕಡೆಗೂ ಇಡಬೇಡ ಮಾರಾಯ, ಈಗಷ್ಟೇ ನೆಲ ಒರೆಸಿದೀನಿ, ಅಂತ ಹಜಾರದಿಂದ ಅತ್ತೆ, ಅವನು ಬಾಗಿಲ ಚೌಕಟ್ಟು ಹಿಡಿದು ಒಂಟಿ ಕಾಲಲ್ಲಿ ನಿಂತ, ನಗುತ್ತ, ಆ ಕನ್ನಡಕ ಕೊಡೇ, ಅಂದ, ಕೊಟ್ಟಳು, ಹಾಕಿಕೊಂಡ, ಆಮೇಲೆ ನೋಡಿದ, ಮೂಲೆಯ ಉಗುರಿನ ಗೀರು, ಅವಳ ಕೈಯ ಪೆನ್ಸಿಲ್, ಅವಳ ಕಣ್ಣು, ನಗು ನಿಧಾನವಾಗಿ ಇಳಿಯಿತು, ತಳದಲ್ಲಿ ಏನೋ ಗೀಚಿತ್ತು, ಹಳೇ ಬಡಗಿ ಅಳತೆ ಬರ್ಕೊಂಡಿರ್ಬೇಕು ಅಂತ, ಅಂದ, ನಿಲ್ಲಿಸಿದ, ಅದು ನಿಂದಾ? ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ಬೆಣ್ಣೆಯಂಥ ಸುಳ್ಳು, ಹೌದು, ನಂದೇ, ಅಂದಳು, ಕೊನೇ ಅಧ್ಯಾಯ, ಅಂದಳು, ಪರವಾಗಿಲ್ಲ, ಎಂದು ಸೇರಿಸಿದಳು, ಆ ಮಾತು ನಿಜವೋ ಅಲ್ಲವೋ ಹೇಳಿದ ಮೇಲೇ ನೋಡಬೇಕಿತ್ತು, ನೋಡಿದಳು, ಪೂರ್ತಿ ನಿಜವಲ್ಲ, ಆದರೆ ನಿಲ್ಲುವಷ್ಟಿದೆ, ಅವನು ಕೆಳಗೆ ನೋಡಿದ, ಮುಂದೆ ಪತ್ರಿಕೆ, ಹಿಂದೆ ಒರೆಸಿದ ನೆಲ, ಇಡ್ರೀ, ಅಂದಳು, ಅಚ್ಚು ಬಿದ್ದರೆ ಬೀಳಲಿ, ಕಾಲಿಡಿ — ಅವನು ಇಡಲಿಲ್ಲ, ಅವಳು ನೋಡುತ್ತಲೇ ಇದ್ದಳು, ಹೊಸಿಲ ಮೇಲೆ, ಗಾಳಿಯಲ್ಲಿ, ಸ್ವಲ್ಪ ನಡುಗುತ್ತ, ಅಂಗಾಲಿನ ತುಂಬ ಹಸಿ ಬಿಳಿ, ಎತ್ತಿದ ಆ ಕಾಲು.