ಸೊನ್ನೆ ಮೈಲಿ

ಕೇಬಲ್ ಬಿಚ್ಚಿಟ್ಟರಾಯಿತು ಎಂದು ಹೊಳೆದ ಕೂಡಲೇ ಅವನಿಗೆ ಬಾಯಿ ಮುಕ್ಕಳಿಸುವುದೂ ಮರೆತುಹೋಯಿತು. ತುಟಿಯ ಮೇಲೆ ನೊರೆ ಹಾಗೆಯೇ ಇರುವಂತೆ ಶೆಡ್ಡಿಗೆ ಹೋಗಿ ಮೋಟಾರ್ ಸೈಕಲ್ಲಿನ ಮುಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಗಾಲಿಯ ನಡುವಿನಿಂದ ಹೊರಟು ಮೈಲಿ ಎಣಿಸುವ ಮೀಟರಿಗೆ ಏರುವ ಕೇಬಲ್ಲಿನ ತಿರುಪನ್ನು ಎರಡು ಬೆರಳಲ್ಲಿ ಸಡಿಲಿಸಿ, ಬಿಚ್ಚಿದ ತುದಿಯನ್ನು ಕರಿ ದಾರದಿಂದ ಗಾಲಿ ಹಿಡಿದ ಫೋರ್ಕಿಗೆ ಕಟ್ಟಿದ. ಇನ್ನು ಗಾಲಿ ಎಷ್ಟು ಸುತ್ತಿದರೂ ಮೀಟರಿಗೆ ಗೊತ್ತಾಗುವುದಿಲ್ಲ. ಹೆಂಡತಿಯನ್ನು ಬಸ್ ನಿಲ್ದಾಣಕ್ಕೆ ಬಿಟ್ಟ ಹಾಗೂ ಆಯಿತು, ಗಾಡಿ ಓಡದ ಹಾಗೂ ಆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತನ್ನ ಬುದ್ಧಿಗೆ ತಾನೇ ತಲೆದೂಗಿ ನೊರೆ ಉಗಿದ.

ಈ ಗಾಡಿ ಅವನ ಕಣ್ಣಿಗೆ ಬಿದ್ದದ್ದು ಹತ್ತೊಂಬತ್ತು ವರ್ಷದ ಹಿಂದೆ, ಮದುವೆಯಾದ ಮರುವರ್ಷ, ಒಬ್ಬ ಮರದ ವ್ಯಾಪಾರಿಯ ಗೋದಾಮಿನಲ್ಲಿ. ಟ್ಯಾಂಕಿನಲ್ಲಿ ತೂತು, ಸೀಟಿನಲ್ಲಿ ಇಲಿಗೂಡು, ಹಿಂದಿನ ಮಡ್‌ಗಾರ್ಡಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಅಂದಿನಿಂದ ಒಂದೊಂದು ಬಿಡಿಭಾಗವೂ ಅದೇ ಕಾರ್ಖಾನೆಯದು, ಅದೇ ವರ್ಷದ್ದು ಆಗಿರಬೇಕೆಂದು ಹಟ ಹಿಡಿದ. ಹಾರ್ನಿನ ಗುಂಡಿಯೊಂದಕ್ಕೇ ನಾಲ್ಕು ವರ್ಷ ಕಾದ. ಹೊಸ ಕಾಲದ ಒಂದು ನಟ್ಟು ಹಾಕಿದ್ದಕ್ಕೆ, ಹದಿಮೂರು ವರ್ಷ ಕೈಜೋಡಿಸಿದ್ದ ಮೆಕ್ಯಾನಿಕ್ಕನ್ನು ಗೇಟಿನಾಚೆ ಕಳಿಸಿದ. "ನಟ್ಟು ನಟ್ಟೇ ಅಲ್ವಾ ಸಾರ್, ಬಿಗಿಯಾಗಿ ಹಿಡ್ಕೊಂಡ್ರೆ ಸಾಕಲ್ವಾ?" ಎಂದಿದ್ದ ಆತ. ಈ ಜನ ಹುಟ್ಟುವುದೂ ಹಾಗೆಯೇ, ಬದುಕುವುದೂ ಹಾಗೆಯೇ, ಹಿಡಿದುಕೊಂಡರೆ ಸಾಕು ಇವರಿಗೆ.

ಕೊನೆಗೆ ಉಳಿದದ್ದು ಮೀಟರ್. ಹೋದ ತಿಂಗಳು ಅದೂ ಸಿಕ್ಕಿತು. ಯಾವಾಗಲೋ ಬಾಗಿಲು ಮುಚ್ಚಿದ ಅಂಗಡಿಯ ಅಟ್ಟದಲ್ಲಿ, ಎಣ್ಣೆಕಾಗದದ ಸುತ್ತು ಕೂಡ ಬಿಚ್ಚದೆ, ಯಾವ ಗಾಡಿಗೂ ಕೂರದೆ ಉಳಿದಿದ್ದ ಮೀಟರ್. ಐದು ಕಪ್ಪು ಸೊನ್ನೆ, ಮೈಲಿಯ ಹತ್ತನೇ ಒಂದು ಪಾಲಿಗೆ ಕೊನೆಯಲ್ಲೊಂದು ಕೆಂಪು ಸೊನ್ನೆ. ಆ ಆರು ಸೊನ್ನೆಗಳನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು. ಹೆಂಡತಿ ಪಕ್ಕದಲ್ಲೇ ನಿಂತು ಅದನ್ನು ನೋಡಿದಳು. ಅವಳ ಅಮ್ಮ ತೀರಿಕೊಂಡಾಗ ಅದೇ ಕಣ್ಣು ಗಡಿಯಾರ ನೋಡುತ್ತಿತ್ತು.

ಅವನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಧಿಕಾರಿ. ತೂಕದ ಬಟ್ಟಿನ ಅಡಿ ಕೊರೆದವರನ್ನು, ಮೊಳದ ಕೋಲು ಸವೆಸಿದವರನ್ನು, ಹಳೆಯ ಕಾರಿನ ಮೀಟರು ಹಿಂದಕ್ಕೆ ತಿರುಗಿಸಿ ಮಾರುವ ದಲ್ಲಾಳಿಗಳನ್ನು ಹಿಡಿಯುವುದು ಅವನ ಕೆಲಸ. ಕೋರ್ಟಿನಲ್ಲಿ ಒಮ್ಮೆ ಹೇಳಿದ್ದ: ಸುಳ್ಳು ಹೇಳುವ ಮನುಷ್ಯನನ್ನು ಕ್ಷಮಿಸಬಹುದು, ಸುಳ್ಳು ಹೇಳುವ ಮೀಟರನ್ನು ಕ್ಷಮಿಸಲಾಗದು. ನ್ಯಾಯಾಧೀಶರು ಆಕಳಿಸಿದ್ದರು. ಆಮೇಲೆ ಅವನಿಗೆ ನ್ಯಾಯಾಂಗದ ಮೇಲೂ ಗೌರವ ಉಳಿಯಲಿಲ್ಲ.

"ಬಾಯಿ ತೊಳ್ಕೊಂಡ್ರಾ?" ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದೇ ಚೀಲ. ಉಳಿದ ಸಾಮಾನು ಮೊನ್ನೆಯೇ ಲಾರಿಯಲ್ಲಿ ಹೋಗಿತ್ತು. ಅವಳು ಗ್ರಂಥಪಾಲಕಿ. ಬಡ್ತಿ ಸಿಕ್ಕಿ, ಬಸ್ಸಿನಲ್ಲಿ ಆರು ಗಂಟೆ ದೂರದ ಊರಿಗೆ ವರ್ಗವಾಗಿತ್ತು.

"ಆಯ್ತು."

"ಮನೆ ವಿಷಯ ಏನು ಯೋಚನೆ ಮಾಡಿದ್ರಿ?"

"ಯಾವ ಮನೆ?"

"ಎಷ್ಟು ಸಲ ಹೇಳೋದು. ಅಲ್ಲಿ ಎರಡು ಇದೆ. ಒಂದು ಒಂಟಿ ರೂಮು. ಇನ್ನೊಂದು ಹಿಂದುಗಡೆ ಶೆಡ್ ಇರೋ ಮನೆ. ನೀವೂ ವರ್ಗ ಕೇಳಿಕೊಂಡು ಬರೋದಾದ್ರೆ ಶೆಡ್ ಇರೋದನ್ನ ಹಿಡೀತೀನಿ."

"ನೋಡೋಣ."

"ಹದಿನೈದು ದಿನದಿಂದ ನೋಡ್ತಾ ಇದೀರಿ. ಇವತ್ತು ಸಂಜೆ ಮನೆ ಮಾಲೀಕರಿಗೆ ಹೇಳ್ಬೇಕು."

ಅವನು ಚಿಂದಿಯಿಂದ ಟ್ಯಾಂಕಿನ ಅಂಚು ಒರೆಸಿದ. "ಶೆಡ್ ತಗಡಿಂದೋ, ಹೆಂಚಿಂದೋ?"

"ಹೆಂಚು."

"ಸೋರುತ್ತೆ."

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಆರು ಗಂಟೆಗೆ ಫೋನ್ ಮಾಡ್ತೀನಿ. ಎತ್ತಿ, ಬರ್ತೀನಿ ಅಂದ್ರೆ ಶೆಡ್ ಇರೋದು. ಎತ್ತದೆ ಇದ್ರೆ ರೂಮು. ನಾನೇನೂ ಜಗಳ ಮಾಡಲ್ಲ."

ಬದುಕನ್ನೂ ಗ್ರಂಥಾಲಯದ ಪುಸ್ತಕ ಮಾಡಿಕೊಂಡಿದ್ದಾಳೆ, ತಾರೀಕಿನ ಮುದ್ರೆ ಒತ್ತಿದರೆ ಮುಗಿಯಿತು ಎಂದುಕೊಂಡ ಅವನು. ಆದರೂ ಅವಳಿಲ್ಲದ ಮನೆಯನ್ನು ಅವನು ಊಹಿಸಿಕೊಂಡಿರಲಿಲ್ಲ. ಊಹಿಸಿಕೊಳ್ಳಲು ಹೊರಟಾಗಲೆಲ್ಲ ಕಾರ್ಬುರೇಟರಿನಲ್ಲಿ ಏನಾದರೊಂದು ತೊಂದರೆ ಕಾಣಿಸುತ್ತಿತ್ತು.

ಈ ಗಾಡಿಯಲ್ಲೇ ಬಿಡಬೇಕೆಂದು ಕೇಳಿದ್ದೂ ಅವಳೇ, ನಿನ್ನೆ ಊಟದ ಹೊತ್ತಿನಲ್ಲಿ. ಹತ್ತೊಂಬತ್ತು ವರ್ಷ ದೀಪ ಹಿಡಿದು ನಿಂತವಳು. ನೆಲಕ್ಕೆ ಬಿದ್ದು ಉರುಳಿದ ತಿರುಪುಗಳನ್ನು ಮಂಡಿಯೂರಿ ಹುಡುಕಿಕೊಟ್ಟವಳು. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು ಅವನು ಬಾಯಿ ಬಿಡುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಅದನ್ನು ಅವನು ಗಿಣಿಪಾಠವೆಂದೇ ತಿಳಿದಿದ್ದ. ಸ್ಟ್ಯಾಂಡಿನ ಮೇಲೆ ಇಂಜಿನ್ ಓಡಿಸಿ ನೋಡಿದ್ದುಂಟು, ಗಾಡಿ ರಸ್ತೆಗೆ ಇಳಿದದ್ದಿಲ್ಲ. ಪ್ರತಿ ವರ್ಷವೂ ಯಾವುದೋ ಒಂದು ಭಾಗ ಬಾಕಿ ಇರುತ್ತಿತ್ತು. ಈಗ ಬಾಕಿ ಏನೂ ಇಲ್ಲ ಎಂಬುದನ್ನು ಅವಳು ನೋಡಿಬಿಟ್ಟಿದ್ದಳು. ಆಗುವುದಿಲ್ಲ ಎನ್ನಲು ಅವನಿಗೆ ನೆಪ ಸಿಗಲಿಲ್ಲ.

ಮೀಟರಿಗೆ ಫ್ಲಾನೆಲ್ಲಿನ ಟೋಪಿ ಹಾಕಿದ. ಅದನ್ನು ಹೊಲಿದುಕೊಟ್ಟದ್ದೂ ಅವಳೇ. ಹಿಂದಿನ ಸೀಟಿನ ಮೇಲೆ ಟವಲು ಮಡಿಸಿ ಹಾಸಿದ.

"ಟವಲ್ ಯಾಕೆ?"

"ಚರ್ಮ ಗೀಚುತ್ತೆ."

"ನನ್ನಿಂದಾನಾ?" ಎಂದಳು. ಟವಲಿನ ಮೇಲೆಯೇ ಕೂತಳು.

ಗೇಟಿನ ಬಳಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದರು. "ಏನು ಅಳತೆಯವರೇ, ಬಿಳಿ ಆನೆ ಹೊರಗೆ ಬಂತಲ್ಲ. ಊರಿಗೆಲ್ಲ ಸಿಹಿ ಹಂಚಬೇಕಪ್ಪ ಇವತ್ತು."

ಅವನು ಕೇಳಿಸಲಿಲ್ಲವೆಂಬಂತೆ ಕಿಕ್ ಹೊಡೆದ. ಮೇಷ್ಟ್ರ ಬಳಿ ಪ್ಲಾಸ್ಟಿಕ್ ಮೈಯ ಸ್ಕೂಟರ್ ಇತ್ತು. ಪ್ಲಾಸ್ಟಿಕ್ ಓಡಿಸುವವರ ಜೊತೆ ಅವನು ಹವಾಮಾನವನ್ನೂ ಮಾತಾಡುತ್ತಿರಲಿಲ್ಲ.

ರಸ್ತೆ ಅವನ ಅಂದಾಜಿಗಿಂತ ಕೆಟ್ಟದಾಗಿತ್ತು. ಪ್ರತಿಯೊಂದು ಗುಂಡಿಯೂ ತನಗಾಗಿಯೇ ತೋಡಿದ್ದೆನ್ನಿಸಿತು. ಎದುರಿಗೆ ಬರುವವರೆಲ್ಲ ಗಾಡಿಗೆ ಉಜ್ಜಲೆಂದೇ ಮನೆಯಿಂದ ಹೊರಟವರು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಗಾಳಿ ಮುಖಕ್ಕೆ ಬಡಿಯಿತು, ಇಂಜಿನ್ನಿನ ದನಿ ತಗ್ಗಿ ಒಂದೇ ಸಮನಾಯಿತು. ಗುಂಡಿಗಳನ್ನು ಹುಡುಕುವುದನ್ನು ಅವನು ಮರೆತ. ಇದು ಸಂತೋಷವಿರಬಹುದೇ ಎಂಬ ಅನುಮಾನ ಬಂದು ಅವನಿಗೆ ಭಯವೇ ಆಯಿತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಅವಳು ಕಿವಿಯ ಹತ್ತಿರ ಬಾಗಿ ಕೇಳಿದಳು.

"ಇಂಜಿನ್ನಲ್ಲಿ ಎಡಗಡೆ ಟ್ಯಾಪೆಟ್ ಸದ್ದು ಮಾಡ್ತಿದೆ. ಅಲ್ಲಾಡಬೇಡ."

ಭುಜದ ಮೇಲಿನ ಕೈ ಹೋಯಿತು. ಹೇಗೂ ಇದ್ಯಾವುದೂ ಮೀಟರಿಗೆ ಸೇರುವುದಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ನಿಲ್ದಾಣದಲ್ಲಿ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಅವಳನ್ನು ಕಾವಲಿಗೆ ಬಿಟ್ಟು, ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಲು ಹೋದ. ವಿಚಾರಣೆಯ ಕಿಟಕಿಯಲ್ಲಿ ಸಾಲು ಎಂಬುದೇ ಇರಲಿಲ್ಲ, ಮೊಣಕೈ ಇದ್ದವರದ್ದೇ ರಾಜ್ಯ. ಕಿಟಕಿಯೊಳಗಿನವನು ಮುಖ ಎತ್ತದೆ, "ಬೋರ್ಡ್ ಓದೋಕೆ ಬರಲ್ವಾ?" ಎಂದ. ಎರಡು ಪದವಿ ಪಡೆದವನು ಬೋರ್ಡ್ ಓದಿಕೊಂಡು ಹಿಂದಿರುಗಿದಾಗ ಹೆಂಡತಿ ಮುಂದಿನ ಗಾಲಿಯ ಬಳಿ ಕೂತಿದ್ದಳು. ಅವನನ್ನು ಕಂಡು ಎದ್ದಳು.

"ಏನು ಮಾಡ್ತಿದ್ದೆ?"

"ಚಪ್ಪಲಿ ಪಟ್ಟಿ ಸಡಿಲ ಆಗಿತ್ತು."

ಅವನು ಮಡ್‌ಗಾರ್ಡಿನ ಮೇಲೆ ಗೀರು ಬಿದ್ದಿದೆಯೇ ಎಂದು ನೋಡಿದ. ಬಿದ್ದಿರಲಿಲ್ಲ. ಅದಕ್ಕಿಂತ ಕೆಳಗೆ ನೋಡಲಿಲ್ಲ.

"ಮನೆಯಿಂದ ಇಲ್ಲಿಗೆ ಎಷ್ಟು ಮೈಲಿ ಆಯ್ತು?" ಅವಳು ಕೇಳಿದಳು.

"ಎರಡು ಇರಬಹುದು."

"ಇರಬಹುದು ಅಂತೀರಲ್ಲ, ಅಳತೆಯವರಾಗಿ. ಟೋಪಿ ತೆಗೆದು ನೋಡಿ."

"ಇಲ್ಲಿ ಧೂಳಿದೆ. ಮನೆಗೆ ಹೋಗಿ ನೋಡ್ತೀನಿ."

"ಹೌದು. ಮನೆಗೆ ಹೋಗೇ ನೋಡಿ." ಅವಳು ನಕ್ಕಳು. ಆ ನಗೆ ಯಾಕೆಂದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನೆಲ್ಲ ಅವನು ದಡ್ಡತನದ ಲೆಕ್ಕಕ್ಕೆ ಹಾಕುತ್ತಿದ್ದ.

ಬಸ್ಸಿನ ಕಿಟಕಿಯಿಂದ ಅವಳು ಕೈ ಹೊರಚಾಚಿದಾಗ ಹೆಬ್ಬೆರಳಿಗೂ ತೋರುಬೆರಳಿಗೂ ಕಪ್ಪು ಗ್ರೀಸ್ ಹತ್ತಿದ್ದು ಕಂಡಿತು. ಬಸ್ಸಿನಲ್ಲಿ ಏನನ್ನೋ ಮುಟ್ಟಿದ್ದಾಳೆ. ಅವನು ಜೇಬಿನ ಚಿಂದಿ ಕೊಡಹೋದ.

"ಒರೆಸ್ಕೋ."

"ಇರ್ಲಿ ಬಿಡಿ," ಎಂದಳು. "ಆರು ಗಂಟೆ."

ಮನೆಗೆ ಬಂದು, ಅವಳು ಮುಚ್ಚಿಟ್ಟು ಹೋಗಿದ್ದ ಊಟವನ್ನು ನಿಂತೇ ಮುಗಿಸಿದ. ಮಧ್ಯಾಹ್ನವೆಲ್ಲ ಗಾಡಿಯ ಧೂಳು ತೆಗೆದ. ಹಿಂದಿನ ಗಾಲಿಯ ಕಡ್ಡಿಗಳ ಸಂದಿಗೆ ಹಲ್ಲುಜ್ಜುವ ಬ್ರಶ್, ಟ್ಯಾಂಕಿಗೆ ಹಳೆಯ ರೇಷ್ಮೆ. ಟ್ಯಾಪೆಟ್ಟಿನ ಸದ್ದನ್ನೂ ಸರಿಮಾಡಿದ. ಶೆಡ್ ಇರುವ ಮನೆಯ ವಿಷಯ ನಡುನಡುವೆ ತಲೆಗೆ ಬಂತು. ಹೆಂಚು ಸೋರಿದರೆ ಟಾರ್ಪಾಲು ಹಾಕಬಹುದು, ಅದೇನು ಬ್ರಹ್ಮವಿದ್ಯೆಯಲ್ಲ. ಬರ್ತೀನಿ ಎಂದೇ ಹೇಳಿಬಿಡೋಣ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೆ ತನ್ನ ಔದಾರ್ಯದ ಬಗ್ಗೆ ಅವನಿಗೆ ಮೆಚ್ಚುಗೆಯೂ ಆಯಿತು. ಫೋನನ್ನು ಶೆಡ್ಡಿನ ಕಪಾಟಿನಲ್ಲಿ, ಕೈಗೆ ಸಿಗುವಂತೆ ಇಟ್ಟ. ಐದು ಗಂಟೆಗೆ ಮುಂಚೆ, ಮುಂದಿನ ಗಾಲಿ ಬಿಟ್ಟು ಉಳಿದೆಲ್ಲ ಮುಗಿದ ಮೇಲೆ, ಮೀಟರಿನ ಟೋಪಿ ತೆಗೆದ.

ನಾಲ್ಕು ಕಪ್ಪು ಸೊನ್ನೆ, ಐದನೆಯದರ ಜಾಗದಲ್ಲಿ ಎರಡು. ಕೊನೆಗೆ ಕೆಂಪು ಒಂದು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎರಡು ಮೈಲಿ, ಮೇಲೊಂದು ಹತ್ತನೇ ಪಾಲು. ಗಾಲಿಯ ಬಳಿ ಕುಸಿದು ಕೂತ. ದಾರವಿರಲಿಲ್ಲ. ಕೇಬಲ್ಲಿನ ತಿರುಪು ತನ್ನ ಜಾಗದಲ್ಲಿ, ಅವನು ಬಿಗಿಯುವುದಕ್ಕಿಂತಲೂ ಅಚ್ಚುಕಟ್ಟಾಗಿ ಬಿಗಿದು ಕೂತಿತ್ತು. ಎರಡು ಬೆರಳಿನ ಗ್ರೀಸ್ ನೆನಪಾಯಿತು, ಮನೆಗೆ ಹೋಗೇ ನೋಡಿ ಎಂದದ್ದು ನೆನಪಾಯಿತು. ಇಬ್ಬರೂ ಕೂತು ಹೋದ ದಾರಿ ಮೀಟರಿನಲ್ಲಿ ಇರಲಿಲ್ಲ. ಅವನೊಬ್ಬನೇ ಬಂದದ್ದು ಇತ್ತು, ಕರಾರುವಾಕ್ಕಾಗಿ.

"ಹಲ್ಕಾ ಕೆಲಸ," ಎಂದ, ಖಾಲಿ ಶೆಡ್ಡಿಗೆ. ಉಂಡ ಮನೆಗೆ ಎರಡು ಬಗೆದವಳು. ಪುಸ್ತಕಕ್ಕೆ ಚೀಟಿ ಅಂಟಿಸುವವಳಿಗೆ ಸೊನ್ನೆಯ ಬೆಲೆ ಏನು ಗೊತ್ತು? ಅವಳ ಕಿವಿಗೆ ಇದನ್ನೆಲ್ಲ ಹಾಕುವುದಿತ್ತು. ಆದರೆ ಮೊದಲು ಮೀಟರ್.

ಗಾಲಿಯ ಸುತ್ತಳತೆ ಅವನಿಗೆ ಬಾಯಿಪಾಠ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದ. ಹತ್ತನೇ ಒಂದು ಮೈಲಿಗೆ ಎಪ್ಪತ್ತೆಂಟೂವರೆ ಸುತ್ತು, ಒಟ್ಟು ಸಾವಿರದ ಆರುನೂರ ನಲವತ್ತೆಂಟು. ಇಂಜಿನ್ನಿನ ಅಡಿಗೆ ಮರದ ದಿಮ್ಮಿ ತಳ್ಳಿ ಮುಂದಿನ ಗಾಲಿಯನ್ನು ನೆಲದಿಂದ ಎತ್ತಿದ. ಟೈರಿನ ಮೇಲೊಂದು ಬಿಳಿ ಗೆರೆ ಎಳೆದ. ಕಾಲ್ಮಣೆಯ ಮೇಲೆ ಕೂತು ಗಾಲಿಯನ್ನು ಹಿಂದಕ್ಕೆ ತಿರುಗಿಸತೊಡಗಿದ.

ಒಂದು. ಎರಡು. ಮೂರು. ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದ ದಲ್ಲಾಳಿ ನೆನಪಾದ. ಗುಬ್ಬಿಯಂಥ ಆಸಾಮಿ, ತೀರ್ಪು ಕೇಳಿ ಅತ್ತಿದ್ದ. ಅವನ ಕಸುಬು ಬೇರೆ, ಇದು ಬೇರೆ. ಅವನದು ಮೋಸ, ಇದು ಸುಧಾರಣೆ. ಇನ್ನೂರು. ನಾನೂರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು, ರಟ್ಟೆ ನೋಯತೊಡಗಿತು. ಗೋಡೆಯ ಆಚೆಯಿಂದ ಮೇಷ್ಟ್ರ ದನಿ ಬಂತು: "ಯಜಮಾನ್ತಿ ಹೊರಟ್ರಾ? ರಾತ್ರಿ ಊಟಕ್ಕೆ ನಮ್ಮನೆಗೇ ಬನ್ನಿ." ಏಳುನೂರ ಹನ್ನೆರಡು. ಉತ್ತರ ಕೊಟ್ಟರೆ ಎಣಿಕೆ ತಪ್ಪುತ್ತದೆ. ಮೇಷ್ಟ್ರು ಸ್ವಲ್ಪ ಕಾದು ಹೊರಟುಹೋದರು.

ಸಾವಿರದ ಐನೂರ ತೊಂಬತ್ತಕ್ಕೆ ಫೋನು ಬಡಿದುಕೊಂಡಿತು.

ಸರಿಯಾಗಿ ಆರು ಗಂಟೆ. ಅವಳು ಸಮಯಕ್ಕೆ ತಪ್ಪುವವಳಲ್ಲ, ಅದೊಂದು ಗುಣ ಮಾತ್ರ ಅವನಿಂದ ಕಲಿತದ್ದು. ಇನ್ನು ಐವತ್ತೆಂಟು ಸುತ್ತು ಅಷ್ಟೇ. ಹತ್ತೊಂಬತ್ತು ವರ್ಷ ಕಾದವಳಿಗೆ ಒಂದೂವರೆ ನಿಮಿಷ ದೊಡ್ಡದಲ್ಲ. ತೊಂಬತ್ತೆರಡು. ತೊಂಬತ್ತಮೂರು. ಫೋನು ಕಪಾಟಿನ ಹಲಗೆಯ ಮೇಲೆ ನಡುಗುತ್ತಾ ಅಂಚಿನ ಕಡೆ ಸರಿಯಿತು. ನಿಂತಿತು. ಮತ್ತೆ ಬಡಿದುಕೊಂಡಿತು.

ಎತ್ತಬೇಕೆಂದು ಅವನಿಗೆ ನಿಜವಾಗಿಯೂ ಇತ್ತು. ಬರ್ತೀನಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕೈ ಗಾಲಿಯನ್ನು ಬಿಡಲಿಲ್ಲ. ಫೋನಿನ ಸದ್ದು ಕೇಳಿಸದಿರಲೆಂದು ಗಾಲಿಯನ್ನು ಜೋರಾಗಿ ತಿರುಗಿಸಿದ. ಕಡ್ಡಿಗಳು ಗುಂಯ್ ಎಂದವು, ಬಿಳಿ ಗೆರೆ ಒಂದೇ ಬಳೆಯಾಗಿ ಕಂಡಿತು. ಮೂರನೆಯ ಸಲ ಫೋನು ಬಡಿದುಕೊಂಡದ್ದು ಆ ಸದ್ದಿನೊಳಗೆ ಎಲ್ಲಿಂದಲೋ ಬಂದಂತೆ ಕೇಳಿಸಿತು. ಬಹಳ ಹೊತ್ತು ಕೇಳಿಸಿ, ನಿಂತಿತು. ಅವನು ಇನ್ನೂ ತಿರುಗಿಸುತ್ತಲೇ ಇದ್ದ. ಎಷ್ಟನೆಯ ಸುತ್ತೆಂಬುದು ತಪ್ಪಿಹೋಗಿತ್ತು.

ಕೈ ಸೋತಾಗ ಬಿಟ್ಟ. ಮಂಡಿ ಹಿಡಿದುಕೊಂಡು ಎದ್ದು, ಗಾಜಿನ ಮೇಲಿನ ತನ್ನ ಉಸಿರಿನ ಮಬ್ಬನ್ನು ಒರೆಸಿ ನೋಡಿದ.

ಸೊನ್ನೆಯನ್ನೂ ದಾಟಿ ಹಿಂದೆ ಸರಿದು, ಐದು ಕಪ್ಪು ಒಂಬತ್ತು. ಕೊನೆಗೊಂದು ಕೆಂಪು ಒಂಬತ್ತು.

ಯಾರು ನೋಡಿದರೂ ಹೇಳುತ್ತಾರೆ, ಲಕ್ಷ ಮೈಲಿ ಓಡಿ ಹಣ್ಣಾದ ಗಾಡಿ ಎಂದು. ಫೋನು ಕಪಾಟಿನ ಅಂಚಿನಲ್ಲಿ ಅರ್ಧ ಹೊರಚಾಚಿ ತೆಪ್ಪಗಿತ್ತು. ಅವನು ಗ್ರೀಸ್ ಹತ್ತಿದ ಎರಡೂ ಕೈಯನ್ನು ಮೈಯಿಂದ ದೂರ ಹಿಡಿದು ನಿಂತ. ನೆಲಕ್ಕೆ ತಾಗದ ಗಾಲಿ ಇನ್ನೂ ತನ್ನಷ್ಟಕ್ಕೆ ಹಿಂದಕ್ಕೆ ತಿರುಗುತ್ತಿತ್ತು, ಕೆಂಪು ಒಂಬತ್ತು ನಿಧಾನವಾಗಿ ಎಂಟರ ಕಡೆಗೆ ಇಳಿಯುತ್ತಿತ್ತು.